ಜಗಲಿಗೆ ಬಂದ ಪುಸ್ತಕಗಳು

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಓದು ಇವೆರಡರಲ್ಲಿ ಯಾವುದಕ್ಕೆ ಸೇರಿದ್ದು? ಊಟದ ಹಾಗೆ ತನ್ನಿಚ್ಛೆಗೆ ಸೇರಿದ್ದೆಂದೇ ನಾವೆಲ್ಲರೂ ಹೇಳುತ್ತೇವೆ. ಆದರೆ ನಾಲ್ಕು ಜನರ ನಡುವೆ ಯಾರಾದರೂ 'ನಿಮ್ಮ ಮೆಚ್ಚಿನ ಪುಸ್ತಕಗಳಾವುವು?' ಎಂದು ಕೇಳಲಿ. ಆಗ ನಾವು ಕೊಡುವ ಉತ್ತರ ಹಬ್ಬದ ದಿನ ತೊಡುವ ಬಟ್ಟೆಯ ಹಾಗೆ ಪರರಿಚ್ಛೆಯನ್ನೇ ಅನುಸರಿಸಿರುತ್ತದೆ. ಅಧ್ಯಾಪಕರ ಮುಂದೆ ಒಂದು ಪಟ್ಟಿ, ಗೆಳೆಯರ ಮುಂದೆ ಇನ್ನೊಂದು, ಸಂದರ್ಶನಕ್ಕೆ ಹೋದಾಗ ಮತ್ತೊಂದು. ದಪ್ಪನೆಯ ಪುಸ್ತಕವನ್ನು ಹೆಸರಿಸಿದವನಿಗೆ ಗೌರವ ಹೆಚ್ಚು. 'ಅದನ್ನು ಓದಿ ಮುಗಿಸಿದೆಯೇನಯ್ಯಾ?' ಎಂದು ಅವನನ್ನು ಯಾರೂ ಕೇಳುವುದಿಲ್ಲ.

ನಾನು ವಿಮರ್ಶಕನಲ್ಲ. ಇಂಥ ಪುಸ್ತಕ ಮೇಲು, ಇಂಥದು ಕೀಳು ಎಂದು ತೂಗಿ ನೋಡುವ ಪಾಂಡಿತ್ಯ ನನಗಿಲ್ಲ. ಆದರೂ ಓದುವವನಿಗೆ ತನ್ನದೇ ಆದ ಒಂದು ಒರೆಗಲ್ಲು ಬೇಕಷ್ಟೆ. ನನ್ನ ಒರೆಗಲ್ಲು ನಮ್ಮ ಮನೆಯ ಜಗಲಿ. ನಮ್ಮದು ರಾಗಿ, ಹುರುಳಿ ಬೆಳೆಯುವ ಬಯಲುಸೀಮೆಯ ಹಳ್ಳಿ. ತಂದೆಯವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು. ಅಜ್ಜಿಗೆ ಅಕ್ಷರವೇ ಬಾರದು. ಪಠ್ಯವಲ್ಲದ ಪುಸ್ತಕವೊಂದನ್ನು ನಮ್ಮ ಮನೆಯೊಳಕ್ಕೆ ಮೊದಲು ತಂದವನು ನಾನೇ. ರಜೆಯಲ್ಲಿ ಊರಿಗೆ ಹೋದಾಗ ರಾತ್ರಿ ಊಟವಾದ ಮೇಲೆ, ಕಾಲೇಜಿನ ಗ್ರಂಥಾಲಯದಿಂದ ಒಯ್ದ ಪುಸ್ತಕವನ್ನು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುವುದನ್ನು ಎರಡು ವರ್ಷಗಳಿಂದ ರೂಢಿ ಮಾಡಿಕೊಂಡಿದ್ದೇನೆ. ಕೇಳುವವರು ಇಬ್ಬರೇ. ಪುಸ್ತಕ ಹಿಡಿಸದಿದ್ದರೆ ತಂದೆಯವರು ಎದ್ದು ದನದ ಕೊಟ್ಟಿಗೆಗೆ ಹೋಗುತ್ತಾರೆ. ಅಜ್ಜಿ ಕುಳಿತಲ್ಲೇ ತೂಕಡಿಸುತ್ತಾಳೆ. ಇದಕ್ಕಿಂತ ನಿಷ್ಠುರವಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಕಂಡಿಲ್ಲ.

ಈ ಜಗಲಿಯಲ್ಲಿ ಮೊದಲು ಗೆದ್ದದ್ದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯನೆಂಬ ಮುದುಕನ ಮನೆ ಸೇರುತ್ತಾನೆ, ಕೆಲವು ದಿನ ಅಲ್ಲಿಯೇ ಉಳಿಯುತ್ತಾನೆ, ಅಷ್ಟೆ. ಆದರೆ ಗೋಪಾಲಯ್ಯ ಮಾತನಾಡಲು ಆರಂಭಿಸಿದರೆ ಕೇಳುವವರಿಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಬೆಟ್ಟದ ಬುಡದಲ್ಲಿ ಕಾಡು ಕಡಿದು ಅಡಕೆಯ ತೋಟ ಎಬ್ಬಿಸಿದ ಆ ಮನುಷ್ಯನ ಉತ್ಸಾಹ ತಂದೆಯವರಿಗೆ ಬಹಳ ಹಿಡಿಸಿತು. ಅವರ ಪ್ರಶ್ನೆಗಳೆಲ್ಲ ಬೇಸಾಯಗಾರನ ಪ್ರಶ್ನೆಗಳು: 'ನೀರು ಕಟ್ಟೋಕೆ ಹೆಂಗ್ ಮಾಡ್ದ? ಆನೆ ಬಂದ್ರೆ ಏನ್ ಮಾಡ್ತಿದ್ದ?' ನೀರಿಗಾಗಿ ಆಕಾಶ ನೋಡುವವನಿಗೆ, ನೀರು ಹರಿಯುವ ಸೀಮೆಯಲ್ಲಿಯೂ ತೋಟ ಮಾಡುವುದು ಕಷ್ಟವೆಂಬುದೇ ಒಂದು ಹೊಸ ಸುದ್ದಿ.

ಗೋಪಾಲಯ್ಯನದು ಸಾಹಸವಲ್ಲ, ಕಾಡಿನ ನಾಶ ಎಂದು ವಾದಿಸುವ ಸಹಪಾಠಿಗಳಿದ್ದಾರೆ. ಪಶ್ಚಿಮ ಘಟ್ಟಗಳು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಂದು ಓದುವವರಿಗೆ ಆ ಸಂಶಯ ಬರುವುದು ಸಹಜವೆ. ಆದರೆ ಕಾಡಿನ ಜೊತೆ ಸೆಣಸುವವನಿಗೆ ಕಾಡಿನ ಮೇಲೆ ಎಷ್ಟು ಪ್ರೀತಿ ಇರಬಲ್ಲುದೆಂಬುದನ್ನು ನಾನು ಈ ಪುಸ್ತಕದಿಂದಲೇ ತಿಳಿದೆ. ಎರಡು ಮಾತೂ ನಿಜವಾಗಿರಬಹುದಲ್ಲವೆ?

ಅಜ್ಜಿಗೆ ಮಾತ್ರ ತೋಟವೂ ಬೇಡ, ಕಾಡೂ ಬೇಡ. ಗೋಪಾಲಯ್ಯನಿಗೂ ಅವನ ಹೆಂಡತಿ ಶಂಕರಿಗೂ ಶಂಭು ಎಂಬ ಮಗನಿದ್ದಾನೆ. ಅವನು ಮನೆ ಬಿಟ್ಟು ಹೋಗಿದ್ದಾನೆ. ಮುದುಕರಿಬ್ಬರೂ ಅವನ ದಾರಿ ಕಾಯುತ್ತಿದ್ದಾರೆ. ದಿನವೂ ನಾನು ಪುಸ್ತಕ ತೆರೆದೊಡನೆ ಅಜ್ಜಿ ಕೇಳುತ್ತಿದ್ದುದು ಒಂದೇ ಮಾತು: 'ಆ ಮಗ ಬಂದ್ನಾ?' ಒಂದು ರಾತ್ರಿ ಪ್ರಶ್ನೆ ಬದಲಾಯಿತು. 'ಅವ್ನು ಓದಕ್ಕೆ ಹೋದವ್ನೇನಪ್ಪಾ?' ಎಂದಳು. ತಂದೆಯವರು ಕೊಟ್ಟಿಗೆಯ ಕಡೆ ನೋಡಿದರು. ನಾನು ಉತ್ತರ ಕೊಡದೆ ಪುಟ ತಿರುವಿದೆ. ನಮ್ಮ ಹಾಗೆ ಮನೆಗೆ ಮೊದಲನೆಯವರಾಗಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಆ ಪ್ರಶ್ನೆಯ ಭಾರವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಅದೇ ಕಾರಂತರ 'ಚೋಮನ ದುಡಿ'. 1933ರ ಪುಸ್ತಕ, ತೆಳ್ಳಗಿದೆ, ಒಂದು ಸಂಜೆಗೆ ಮುಗಿಯುವಂಥದು. ಚೋಮನ ಬಳಿ ತಾನೇ ಸಾಕಿದ ಜೋಡಿ ಎತ್ತುಗಳಿವೆ, ದುಡಿಯುವ ತೋಳಿದೆ, ಬೇಸಾಯಗಾರನಾಗಬೇಕೆಂಬ ಆಸೆಯಿದೆ. ಇಲ್ಲದಿರುವುದು ಉಳಲು ಒಂದು ತುಂಡು ನೆಲ. ಅವನು ಹುಟ್ಟಿದ ಜಾತಿಯವರಿಗೆ ಆ ನೆಲ ಸಲ್ಲದೆಂಬುದು ಊರಿನ ಕಟ್ಟು. ಅವನ ಆಸೆ, ಅವನ ಸಿಟ್ಟು, ಅವನ ದುಃಖ ಎಲ್ಲವೂ ದುಡಿಯ ಬಡಿತವಾಗಿ ಹೊರಗೆ ಬರುತ್ತವೆ. ಬಿ. ವಿ. ಕಾರಂತರು ಇದನ್ನು 1975ರಲ್ಲಿ ಚಲನಚಿತ್ರವಾಗಿ ಮಾಡಿದರು. ಅದಕ್ಕೆ ಸ್ವರ್ಣಕಮಲವೂ ಬಂದಿತು. ಚಿತ್ರದಲ್ಲಿ ದುಡಿಯ ಸದ್ದು ಕಿವಿಗೇ ಬೀಳುತ್ತದೆ. ಆದರೂ ನನ್ನ ಮಟ್ಟಿಗೆ ಪುಸ್ತಕದ ದುಡಿಯೇ ಹೆಚ್ಚು. ಅದನ್ನು ಬಡಿಯುವ ಕೈ ನಮ್ಮದೇ ಆಗಿಬಿಡುತ್ತದೆ.

ಇದನ್ನು ಓದಿದ ರಾತ್ರಿ ಅಜ್ಜಿ ತೂಕಡಿಸಲಿಲ್ಲ. ನಮ್ಮ ತಾತ ಗೇಣಿದಾರರಾಗಿದ್ದವರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ಹಲವು ಸಲ ನಿಂತು, ಎರಡು ಎಕರೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಆ ಎರಡು ಎಕರೆಯ ಮೇಲೆಯೇ ನನ್ನ ಓದು ನಿಂತಿದೆ. ಕಥೆ ಮುಗಿದಾಗ ಅಜ್ಜಿ, 'ಪಾಪ, ಅವ್ನಿಗೆ ಡಿಕ್ಲರೇಷನ್ ಹಾಕೋ ಕಾಲ ಬರ್ಲಿಲ್ಲ' ಎಂದಳು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಂದಿದ್ರೂ ಏನು? ಅವ್ನಿಗೆ ಗೇಣಿ ಚೀಟಿ ಎಲ್ಲಿತ್ತವ್ವಾ?' ಎಂದರು. ಗೇಣಿ ಮಾಡುತ್ತಿದ್ದವನಿಗೆ ನೆಲ ಕೊಟ್ಟ ಕಾನೂನು, ಗೇಣಿಗೂ ನೆಲ ಸಿಗದೆ ಕೂಲಿಯಾಗಿಯೇ ಉಳಿದವನಿಗೆ ಏನು ಕೊಟ್ಟೀತು? ಇತಿಹಾಸದ ತರಗತಿಯಲ್ಲಿ ಭೂಸುಧಾರಣೆಯ ಪಾಠ ಕೇಳಿದ ನನಗೆ ಈ ಪ್ರಶ್ನೆ ತೋರಿರಲಿಲ್ಲ. ಅದು ಹುಟ್ಟಿದ್ದು ಒಂದು ಕಾದಂಬರಿಯನ್ನು ಕೇಳಿದ ರೈತನಲ್ಲಿ. ಕಾದಂಬರಿ ಓದುವುದು ಕಾಲಹರಣವೆನ್ನುವವರಿಗೆ ನಾನು ಕೊಡುವ ಉತ್ತರ ಇದೊಂದೇ.

ಮೂರನೆಯ ಪುಸ್ತಕ ಕಥೆಯಲ್ಲ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಗಿಡಮರಗಳನ್ನು ಕುರಿತದ್ದು. ಸ್ವಾಮಿಯವರು ಡಿ. ವಿ. ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವದ ಜೊತೆಗೆ ಅಲ್ಲಿಯ ಸಸ್ಯಗಳ ವಿಚಾರವನ್ನು ಹಾಸ್ಯ ಬೆರೆಸಿ ಬರೆದಿದ್ದಾರೆ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಸ್ಯಶಾಸ್ತ್ರದ ಪುಸ್ತಕವೊಂದು ಸಾಹಿತ್ಯವೆನಿಸಿಕೊಂಡದ್ದು ಕನ್ನಡಕ್ಕೆ ಹೆಮ್ಮೆಯ ಸಂಗತಿಯೇ ಸರಿ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದೆಂದು ಯಾರಾದರೂ ಅಂದರೆ, ನಾನು ವಾದಕ್ಕೆ ಇಳಿಯದೆ ಈ ಪುಸ್ತಕವನ್ನು ಅವರ ಕೈಗೆ ಕೊಡುತ್ತೇನೆ.

ಇದನ್ನು ಓದುವಾಗ ತಮಾಷೆಯೊಂದು ನಡೆಯಿತು. ಅದರಲ್ಲಿ ಗಿಡಗಳ ರೇಖಾಚಿತ್ರಗಳಿವೆ. ಅಜ್ಜಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ದೀಪದ ಹತ್ತಿರ ಹಿಡಿದಳು. ಒಂದು ಚಿತ್ರದ ಮೇಲೆ ಬೆರಳಿಟ್ಟು, 'ಇದರ ಜಾತೀದು ನಮ್ಮ ಹೊಲದ ಬೇಲೀಲಿ ಐತೆ' ಎಂದಳು. ಇನ್ನೊಂದನ್ನು ನೋಡಿ, 'ಇದು ನಮ್ಮ ಸೀಮೇದಲ್ಲ' ಎಂದು ಬಿಟ್ಟಳು. ಎಲೆ ಜೋಡಿಯಾಗಿ ಬಂದಿದೆಯೋ ಒಂದು ಬಿಟ್ಟು ಒಂದು ಬಂದಿದೆಯೋ ಎಂಬುದನ್ನು ಯಾರೂ ಹೇಳಿಕೊಡದೆ ಗುರುತಿಸಿದಳು. ಅಕ್ಷರ ಬಾರದ ನಮ್ಮ ಅಜ್ಜಿ ತಾನೇ ಪುಟ ತಿರುವಿ ಓದಿದ ಪುಸ್ತಕ ಇದೊಂದೇ. ಅಂದಿನಿಂದ 'ಓದು ಬಾರದವರು' ಎಂಬ ಮಾತನ್ನು ನಾನು ಯೋಚಿಸಿ ಬಳಸುತ್ತೇನೆ.

ಇಲ್ಲಿಯವರೆಗೆ ಹೇಳಿದ ಪುಸ್ತಕಗಳು ಜಗಲಿಯಲ್ಲಿ ಗೆದ್ದವು. ಇನ್ನು ಮುಂದೆ ಹೇಳುವುದು ಅರ್ಧ ಗೆದ್ದ ಪುಸ್ತಕ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಅವನ ಹೆಣಕ್ಕೆ ಸಂಸ್ಕಾರ ಮಾಡುವವರಾರೆಂದು ತೀರ್ಮಾನವಾಗುವುದಿಲ್ಲ, ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ, ಇಲಿಗಳು ಸಾಯುತ್ತಿವೆ. ಇಲಿಯ ಮಾತು ಬಂದೊಡನೆ ಅಜ್ಜಿ ನೆಟ್ಟಗೆ ಕುಳಿತಳು. 'ಇಲಿ ಬಿತ್ತು ಅಂದ್ರೆ ಪಿಳೇಗು ಕಣೋ, ಊರು ಬಿಡಬೇಕು! ಇನ್ನೂ ಯಾಕೆ ಕೂತವ್ರೆ?' ಪ್ಲೇಗಿನ ಕಾಲದಲ್ಲಿ ಹಿರಿಯರು ಊರಾಚೆ ಗುಡಿಸಲು ಕಟ್ಟಿಕೊಂಡು ಬದುಕಿದ ಕಥೆಗಳನ್ನು ಕೇಳಿ ಬೆಳೆದವಳು ಅವಳು. ಕೊನೆಗೆ ಚಂದ್ರಿ ರಾತ್ರಿಯಲ್ಲಿ ಮುಸಲ್ಮಾನನೊಬ್ಬನ ನೆರವಿನಿಂದ ಹೆಣವನ್ನು ಸುಡಿಸಿದಳೆಂದು ಕೇಳಿದಾಗ, 'ಅವ್ಳೇ ತಾನೇ ಮಣ್ಣು ಮಾಡಿಸ್ದೋಳು? ಅಲ್ಲಿಗೆ ಮುಗೀತು ಬಿಡು' ಎಂದು ಎದ್ದು ಒಳಗೆ ಹೋದಳು. ತಂದೆಯವರೂ ಎದ್ದರು.

ಅಜ್ಜಿಗೆ ಕಥೆ ಮುಗಿದಿತ್ತು. ನನಗೆ ಅಲ್ಲಿಂದಲೇ ಆರಂಭ. ಅಗ್ರಹಾರ ಬಿಟ್ಟು ಗೊತ್ತುಗುರಿಯಿಲ್ಲದೆ ನಡೆಯುವ ಆಚಾರ್ಯರು, ಅವರಿಗೆ ಗಂಟುಬೀಳುವ ಪುಟ್ಟ, ಆ ಜಾತ್ರೆ, ತನ್ನ ಗುರುತು ಯಾರಿಗೆ ಸಿಕ್ಕೀತೋ ಎಂಬ ಅವರ ಅಂಜಿಕೆ: ಇವನ್ನು ನಾನು ಒಬ್ಬನೇ, ಜಗಲಿಯಲ್ಲಿ ಅಲ್ಲ, ಹಾಸ್ಟೆಲಿನ ಕೋಣೆಯಲ್ಲಿ ಓದಿದೆ. ಊರಿನಲ್ಲಿ ಒಂದು ಗುರುತು, ಇಲ್ಲಿ ಇನ್ನೊಂದು ಗುರುತು ಹೊತ್ತು ತಿರುಗುವ ನನಗೆ ಆ ಅಂಜಿಕೆ ಅಪರಿಚಿತವಲ್ಲ. ಅದನ್ನು ಅಜ್ಜಿಗೆ ಓದಿ ಹೇಳಲು ನನ್ನಲ್ಲಿ ಮಾತಿಲ್ಲ. ಹೇಳಲೇಬೇಕೆಂಬ ಹಟವೂ ಇಲ್ಲ.

ಆದ್ದರಿಂದ ನನ್ನ ಒರೆಗಲ್ಲು ಪರಿಪೂರ್ಣವೆಂದು ನಾನು ಹೇಳಲಾರೆ. ಜಗಲಿಗೆ ಬರಲಾರದ ಪುಸ್ತಕಗಳೂ ಇವೆ. ಅವೂ ನನಗೆ ಬೇಕು. ಮನೆಯವರೊಡನೆ ಹಂಚಿಕೊಳ್ಳಬಲ್ಲ ಪುಸ್ತಕಗಳನ್ನಷ್ಟೇ ಓದಿದರೆ ನಾನು ಇಲ್ಲಿಗೆ ಬಂದು ಪ್ರಯೋಜನವೇನು? ಹಂಚಿಕೊಳ್ಳಲಾಗದ ಪುಸ್ತಕಗಳನ್ನಷ್ಟೇ ಓದುತ್ತ ಹೋದರೆ, ಶಂಭುವಿನ ದಾರಿ ಕಾದಂತೆ ನನ್ನ ದಾರಿಯನ್ನೂ ಕಾಯುವವರು ಇಬ್ಬರಿದ್ದಾರೆ. ಎರಡು ಬಗೆಯ ಪುಸ್ತಕಗಳೂ ಒಂದೇ ಚೀಲದಲ್ಲಿ ಇರಲಿ ಎಂಬುದು ನನ್ನ ಆಸೆ.

ಸಹಪಾಠಿ ಮಿತ್ರರಲ್ಲಿ ಒಂದು ಬಿನ್ನಹ. ನನ್ನ ಪಟ್ಟಿಯನ್ನು ನೀವು ಒಪ್ಪಬೇಕಾಗಿಲ್ಲ. ಕುವೆಂಪು ಎಲ್ಲಿ, ಮಾಸ್ತಿ ಎಲ್ಲಿ, ತ್ರಿವೇಣಿ ಎಲ್ಲಿ ಎಂದು ಜಗಳವಾಡಬಹುದು. ಜಗಳಕ್ಕೆ ನಾನೂ ಸಿದ್ಧ. ಆದರೆ ಬರುವ ರಜೆಯಲ್ಲಿ ಗ್ರಂಥಾಲಯದಿಂದ ಒಂದು ಪುಸ್ತಕವನ್ನು ಮನೆಗೆ ಒಯ್ಯಿರಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರ ಮುಂದೆ ಹತ್ತು ಪುಟ ಗಟ್ಟಿಯಾಗಿ ಓದಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ, ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಮುಂದಿನ ವರ್ಷದ ಸಂಚಿಕೆಗೆ ಅದನ್ನೇ ಬರೆದು ಕೊಡಿ. ನಿಮ್ಮ ಅಜ್ಜಿಯ ಅಭಿಪ್ರಾಯ ನಮ್ಮ ಅಜ್ಜಿಯ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೆ ಇನ್ನೂ ಸಂತೋಷ. ಅದನ್ನು ನಾನು ಊರಿಗೆ ಹೋಗಿ ಅವಳಿಗೆ ಓದಿ ಹೇಳುತ್ತೇನೆ.