ಭೀಮನಿಗೆ ಎಂಥ ನೆಲ ಬೇಕು

ಸಿಡ್ನಿಯ ಪಶ್ಚಿಮ ಭಾಗದಲ್ಲಿ, ಪ್ಯಾರಮಟ್ಟಾದಿಂದ ಸ್ವಲ್ಪ ಆಚೆ, ಧಾರವಾಡದ ಕಡೆಯ ಒಂದು ಕುಟುಂಬದ ಮನೆಯ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆಯೊಂದಿದೆ. ಒಳಗಿರುವ ಪ್ರಾಣಿಯ ಹೆಸರು ಭೀಮ. ಜಾತಿ, ಬಿಯರ್ಡೆಡ್ ಡ್ರ್ಯಾಗನ್. ಡ್ರ್ಯಾಗನ್ ಎಂದ ಕೂಡಲೇ ಬೆಂಕಿ ಉಗುಳುವ ಏನನ್ನೋ ಕಲ್ಪಿಸಿಕೊಳ್ಳುವುದು ಬೇಡ. ಅದು ಗಡ್ಡದ ಓತಿ, ಅಷ್ಟೇ. ಬೇಲಿಯ ಮೇಲೆ ಕೂತು ತಲೆ ಆಡಿಸುವ ನಮ್ಮ ಓತಿಕ್ಯಾತ, ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆಲ್ಲ ಗೊತ್ತಿರುವ ಹಾರುವ ಓತಿ, ಈ ಭೀಮ, ಮೂರೂ ಆಗಮಿಡೇ ಎಂಬ ಒಂದೇ ಕುಟುಂಬದವು. ಮೂಗಿನಿಂದ ಬಾಲದ ತುದಿಯವರೆಗೆ ಭೀಮ ಅರ್ಧ ಮೀಟರಿನ ಹತ್ತಿರ ಇದೆ. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳು ಮುಳ್ಳಾದ ಚರ್ಮ ಉಬ್ಬಿ ಕಪ್ಪಾಗುತ್ತದೆ. ಅದೇ ಗಡ್ಡ. ನ್ಯೂ ಸೌತ್ ವೇಲ್ಸ್‌ನಲ್ಲಿ ಇದನ್ನು ಸಾಕಲು ಲೈಸೆನ್ಸ್ ಬೇಕು, ಅದು ಹುಡುಗನ ತಾಯಿಯ ಹೆಸರಿನಲ್ಲಿದೆ.

ಮೂರು ವರ್ಷಗಳಲ್ಲಿ ಈ ಪೆಟ್ಟಿಗೆಯ ನೆಲ ಮೂರು ಸಲ ಬದಲಾಗಿದೆ.

ಹಾವು, ಹಲ್ಲಿ, ಓತಿ ಸಾಕುವವರು ಪೆಟ್ಟಿಗೆಯ ತಳಕ್ಕೆ ಹಾಕುವುದನ್ನು ಸಬ್‌ಸ್ಟ್ರೇಟ್ ಎನ್ನುತ್ತಾರೆ. ಭಾಷಾಶಾಸ್ತ್ರದಲ್ಲೂ ಇದೇ ಪದವಿದೆ. ಅಲ್ಲಿ ಅದು ಒಂದು ಭಾಷೆಯ ಅಡಿಯಲ್ಲಿ ಉಳಿದುಕೊಂಡಿರುವ ಹಳೆಯ ಭಾಷೆಯ ಪದರ. ಮರಾಠಿಯ ತಳದಲ್ಲಿ ಕನ್ನಡವಿದೆ ಎಂದು ಶಂಬಾ ಜೋಶಿಯವರಂಥವರು ವಾದಿಸಿದ್ದು ಈ ಅರ್ಥದ ತಳವನ್ನೇ. ಓತಿಯ ಪೆಟ್ಟಿಗೆಗೆ ಅಷ್ಟು ಭಾರದ ಪದ ಬೇಕಿಲ್ಲ, ‘ಹಾಸು’ ಸಾಕು. ಆದರೆ ಕೆಳಗೆ ಏನಿದೆಯೋ ಅದು ಮೇಲಿರುವುದನ್ನು ಆಳುತ್ತದೆ ಎಂಬ ಮಾತು ಎರಡೂ ಕಡೆ ನಿಜ.

ಮೊದಲ ಹಾಸು ಮರಳು. ಹುಡುಗನಿಗೆ ಆಗ ಒಂಬತ್ತು ವರ್ಷ. ಅಂಗೈಯಗಲದ ಮರಿಯ ಜೊತೆಗೆ ಅಂಗಡಿಯವರು ಕ್ಯಾಲ್ಸಿಯಂ ಮರಳಿನ ಎರಡು ಚೀಲ ಕೊಟ್ಟರು. ಕೆಂಪು ಬಣ್ಣ, ಸಕ್ಕರೆಯಷ್ಟು ಸಣ್ಣ ಕಾಳು, ಚೀಲದ ಮೇಲೆ ಮರಳು ದಿಬ್ಬಗಳ ಚಿತ್ರ. ನುಂಗಿದರೂ ಕರಗುತ್ತದೆ, ಮೂಳೆಗೂ ಒಳ್ಳೆಯದು ಎಂಬ ಭರವಸೆ ಬೇರೆ. ಇದು ಮರುಭೂಮಿಯ ಪ್ರಾಣಿಯಲ್ಲವೇ ಎಂದು ಮನೆಯಲ್ಲಿ ಎಲ್ಲರಿಗೂ ಸರಿ ಅನ್ನಿಸಿತು. ಕನ್ನಡದಲ್ಲಂತೂ ಯೋಚಿಸಬೇಕಾದ್ದೇ ಇಲ್ಲ, ‘ಮರಳುಗಾಡು’ ಎಂದರೆ ಮರಳು ಆ ಪದದಲ್ಲೇ ಬಂದುಬಿಟ್ಟಿರುತ್ತದೆ. ಇಂಗ್ಲಿಷಿನ ‘ಡೆಸರ್ಟ್’ನಲ್ಲಿ ಮರಳಿಲ್ಲ, ಬರಿದಾದ, ಬಿಟ್ಟುಹೋದ ಜಾಗ ಎಂಬ ಅರ್ಥ ಮಾತ್ರ ಇದೆ. ಅನುವಾದದಲ್ಲಿ ಹೀಗೆ ಎಷ್ಟೋ ಸಲ ಇಲ್ಲದ ಮರಳು ಸುರಿದುಹೋಗುತ್ತದೆ.

ಎರಡು ತಿಂಗಳ ಮೇಲೆ ಭೀಮ ಹುಳ ತಿನ್ನುವುದನ್ನು ಬಿಟ್ಟಿತು. ಹಿಂಗಾಲು ಎಳೆಯತೊಡಗಿತು. ಎಂಟು ದಿನ ಹಿಕ್ಕೆ ಹಾಕಲಿಲ್ಲ. ವೆಟ್ ತೆಗೆದ ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಒಂದು ಗಟ್ಟಿ ಕಾಣಿಸಿತು. ಕ್ಯಾಲ್ಸಿಯಂ ಕಡಿಮೆಯಾದ ಮರಿಗಳು ಆ ರುಚಿಗೇ ಮರಳು ನೆಕ್ಕುತ್ತವೆ. ಒದ್ದೆಯಾದರೆ ಅದು ಅಂಟಿಕೊಂಡು ಗಂಟಾಗುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ಆದರೆ ವೆಟ್ ಮರಳನ್ನಷ್ಟೇ ಬೈಯಲಿಲ್ಲ. ದೀಪ ಎಲ್ಲಿದೆ, ಎಷ್ಟು ಬಿಸಿ ಎಂದು ಕೇಳಿದರು. ಪೆಟ್ಟಿಗೆ ಕಿಟಕಿಯ ಪಕ್ಕದಲ್ಲಿತ್ತು, ಬಿಸಿಲು ಚೆನ್ನಾಗಿ ಬೀಳುತ್ತದೆಂದು ಯುವಿಬಿ ದೀಪವನ್ನು ಆಗಾಗ ಆರಿಸಿಡುತ್ತಿದ್ದರು. ಗಾಜಿನ ಮೂಲಕ ಬೆಳಕು ಬರುತ್ತದೆ, ಯುವಿಬಿ ಬಹುಪಾಲು ಬರುವುದಿಲ್ಲ. ಅದಿಲ್ಲದೆ ಚರ್ಮದಲ್ಲಿ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬಿಸಿಲು ಕಾಯುವ ಕಲ್ಲಿನ ಮೇಲೆ 40 ಡಿಗ್ರಿಯಷ್ಟು ಇರಬೇಕಾದಲ್ಲಿ 31 ಇತ್ತು. ಮೈ ಬಿಸಿಯಾಗದ ಓತಿಗೆ ತಿಂದದ್ದು ಅರಗುವುದಿಲ್ಲ, ಕರುಳು ಮುಂದೆ ತಳ್ಳುವುದೂ ಇಲ್ಲ. ಆರೋಗ್ಯವಾಗಿರುವ ಓತಿ ನಾಲ್ಕು ಕಾಳು ಮರಳು ನುಂಗಿದರೆ ಹಿಕ್ಕೆಯಲ್ಲಿ ಹೋಗುತ್ತದೆ, ನಿಮ್ಮದು ಆರೋಗ್ಯವಾಗಿರಲಿಲ್ಲ ಎಂದರು.

ಬೆಚ್ಚಗಿನ ನೀರಿನ ಸ್ನಾನ, ಔಷಧ, ಸಿರಿಂಜಿನಲ್ಲಿ ಆಹಾರ ಎಂದು ಮೂರು ವಾರ ನಡೆಯಿತು. ಭೀಮ ಉಳಿಯಿತು. ಆ ಬಿಲ್ ನೋಡಿದ ಹುಡುಗನ ತಂದೆ ಮುಂದೆ ಆರು ತಿಂಗಳು ಮರಳು ಎಂಬ ಶಬ್ದ ಎತ್ತಿದರೆ ಸಾಕು, ಎದ್ದು ಹೋಗುತ್ತಿದ್ದರು.

ಎರಡನೆಯ ಹಾಸು ಪೇಪರ್ ಟವೆಲ್. ಮರಿಗಳಿಗೂ ಕಾಯಿಲೆಯಿಂದ ಏಳುತ್ತಿರುವವಕ್ಕೂ ಇಷ್ಟು ಒಳ್ಳೆಯದು ಬೇರೆ ಇಲ್ಲ. ನುಂಗುವ ಭಯವಿಲ್ಲ, ಹಿಕ್ಕೆ ಹೇಗಿದೆ ಎಂದು ನೋಡಬಹುದು, ಮಡಚಿ ಎಸೆಯಬಹುದು. ನೋಡಲು ಮಾತ್ರ ಆಸ್ಪತ್ರೆಯ ಹಾಸಿಗೆ. ಅಂಗಡಿಯಲ್ಲಿ ಬೇರೆಯವೂ ಇದ್ದವು: ಒಡೆದ ಅಕ್ರೋಟದ ಚಿಪ್ಪು (ಅಂಚು ಚೂಪು), ಮರದ ಹೊಟ್ಟು (ದೇವದಾರು ಜಾತಿಯದಾದರೆ ಅದರ ಎಣ್ಣೆಯ ವಾಸನೆಯೇ ಕೆಡುಕು), ಉಗುರು ಸಿಕ್ಕಿಕೊಳ್ಳುವ ಕಾರ್ಪೆಟ್. ಕೊನೆಗೆ ಹುಡುಗನ ತಾಯಿ ಒರಟು ಮೇಲ್ಮೈಯ ಕಪ್ಪು ಟೈಲ್ಸ್ ಕತ್ತರಿಸಿ ತಂದು ಹಾಕಿದರು. ಟೈಲ್ಸ್ ಬಿಸಿ ಹಿಡಿಯುತ್ತದೆ, ಉಗುರು ಸವೆಸುತ್ತದೆ, ಒರೆಸಿದರೆ ಸ್ವಚ್ಛ. ಎರಡು ವರ್ಷ ಯಾವ ತೊಂದರೆಯೂ ಬರಲಿಲ್ಲ. ನೆಲದ ವಿಷಯ ಮುಗಿಯಿತು ಎಂದುಕೊಂಡರು.

ಕಳೆದ ಸೆಪ್ಟೆಂಬರಿನಲ್ಲಿ, ಪುಣೆಯಲ್ಲಿ ಗಣಪತಿ ಕಳಿಸಿದ ಮೇಲೆ, ಅಜ್ಜಿ ಬಂದರು. ಹುಟ್ಟಿದ್ದು ನವಲಗುಂದದ ಹತ್ತಿರದ ಹಳ್ಳಿ, ಮೂವತ್ತೈದು ವರ್ಷದಿಂದ ಪುಣೆ. ಬಂದ ದಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ನಮ್ಮ ಹೊಲದಾಗಿನ ಓತಿಕ್ಯಾತ ಅಲ್ಲೇನವಾ? ಇದಕ್ಕ ಇಷ್ಟು ದೊಡ್ಡ ಮನಿ, ಲೈಟು? ಮತ್ತ ಕಲ್ಲಿನ ಮ್ಯಾಲ ಯಾಕ ಕುಂದ್ರಿಸೀರಿ?”

“ಮಣ್ಣು ತಿಂದು ಸಾಯೂದಿತ್ತು ಅವ್ವಾ” ಎಂದರು ಮಗಳು.

“ಮಣ್ಣಾಗ ಹುಟ್ಟಿದ್ದು ಮಣ್ಣು ತಿಂದು ಹೆಂಗ ಸಾಯ್ತೈತಿ?”

ಮಗಳು ಉತ್ತರ ಕೊಡಲಿಲ್ಲ. ಎಕ್ಸ್‌ರೇಯನ್ನು ಮತ್ತೆ ಹುಡುಕಿ ತೋರಿಸುವ ಮನಸ್ಸೂ ಇರಲಿಲ್ಲ.

ಶಾಲೆಗೆ ವಸಂತದ ರಜೆ ಬಂದಾಗ ಎಲ್ಲರೂ ಕಾರಿನಲ್ಲಿ ಕೋಬಾರ್‌ಗೆ ಹೋದರು. ಸಿಡ್ನಿಯಿಂದ ವಾಯವ್ಯಕ್ಕೆ ಸುಮಾರು 700 ಕಿಲೋಮೀಟರ್, ತಾಮ್ರದ ಗಣಿಯ ಊರು. ನಿಂಗನ್ ದಾಟಿದ ಮೇಲೆ ಹಸಿರು ಕರಗಿ ನೆಲ ಕೆಂಪಾಗುತ್ತಾ ಹೋಯಿತು. ಅಲ್ಲಿ ಅವರು ಕಾಡಿನ ಭೀಮನನ್ನು ನೋಡಿದರು. ಬೇಲಿಯ ಗೂಟದ ತುದಿಯಲ್ಲಿ, ಬಿಸಿಲಿಗೆ ಎದೆಕೊಟ್ಟು, ಗೂಟದ ಬಣ್ಣವೇ ಆಗಿ ಕೂತಿತ್ತು. ಹುಡುಗ ಮೊದಲು ನೋಡಿದ, ಉಳಿದವರಿಗೆ ಕಾಣಲು ಎರಡು ನಿಮಿಷ ಬೇಕಾಯಿತು. ಸುತ್ತ ಮರಳು ದಿಬ್ಬಗಳಿರಲಿಲ್ಲ. ಗಟ್ಟಿಯಾದ ಕೆಂಪು ನೆಲ, ಅಲ್ಲಲ್ಲಿ ಗರಸು, ಒಣ ಎಲೆ, ಬಿದ್ದ ಕೊಂಬೆ, ಮೊಣಕಾಲೆತ್ತರದ ಪೊದೆ, ದೂರ ದೂರಕ್ಕೆ ಮರ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಪದ ಮರಳುಗಾಡಲ್ಲ, ಬಯಲುಸೀಮೆ.

ಅಜ್ಜಿ ಚಪ್ಪಲಿ ಬಿಟ್ಟು ನೆಲ ತುಳಿದರು. ಹೆಬ್ಬೆರಳಿನಿಂದ ಕೆದರಿದರು, ಒಂದು ಚಿಟಿಕೆ ಎತ್ತಿ ಉಗುಳು ಹಚ್ಚಿ ಬೆರಳುಗಳ ನಡುವೆ ತಿಕ್ಕಿದರು. “ಮಸಾರಿ ಇದು” ಎಂದರು. ಎರೆ ಹೊಲದ ಊರಿನವರಾದ್ದರಿಂದ ಕೆಂಪು ಮಣ್ಣಿನ ಬಗ್ಗೆ ಸ್ವಲ್ಪ ತಾತ್ಸಾರವೂ ಆ ಮಾತಿನಲ್ಲಿತ್ತು. ಹುಡುಗ ಒಂದು ಚಪ್ಪಟೆ ಕಲ್ಲು ಕಾರಿಗೆ ಹಾಕಲು ಹೊರಟ, ತಾಯಿ ಬಿಡಿಸಿ ವಾಪಸ್ ಇಡಿಸಿದರು. ಅಂಥ ಕಲ್ಲುಗಳ ಕೆಳಗೇ ಹಲ್ಲಿ, ಹಾವುಗಳ ವಾಸ. ಆ ರಾಜ್ಯದಲ್ಲಿ ಕಾಡುಗಲ್ಲು ಎತ್ತುವುದನ್ನು ಜೀವಿಗಳಿಗೆ ಅಪಾಯ ತರುವ ಕಾರಣಗಳ ಅಧಿಕೃತ ಪಟ್ಟಿಯಲ್ಲೇ ಸೇರಿಸಿದ್ದಾರೆ.

ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ಸಾಕಲೆಂದು ಹೊರಗೆ ಮಾರಲು ಬಿಡುವುದಿಲ್ಲ. ಆದರೂ ಅಮೆರಿಕ, ಯೂರೋಪಿನ ಮನೆಗಳಲ್ಲಿ ಗಡ್ಡದ ಓತಿಗಳು ತಲೆಮಾರುಗಳಿಂದ ಮರಿ ಹಾಕುತ್ತ ಬಂದಿವೆ. ಅಲ್ಲಿನವರು ಈ ನೆಲ ನೋಡದೆ ಮರಳು ಸುರಿದರೆ ಅರ್ಥವಾಗುತ್ತದೆ. ಎಂಟು ತಾಸಿನ ದಾರಿಯಲ್ಲಿ ಈ ನೆಲವಿದ್ದೂ ಈ ಮನೆಯವರು ನಂಬಿದ್ದು ಚೀಲದ ಮೇಲಿನ ಚಿತ್ರವನ್ನು.

ವಾಪಸ್ ಬಂದಾಗ ಭೀಮ ಟೈಲ್ಸ್ ಕೆರೆಯುತ್ತಿತ್ತು. ಒಂದೇ ಮೂಲೆ, ಮುಂಗಾಲುಗಳಿಂದ ಸರಸರ ಕೆರೆದು, ಹಿಂಗಾಲಿನಿಂದ ಇಲ್ಲದ ಮಣ್ಣನ್ನು ಹಿಂದಕ್ಕೆ ತಳ್ಳುವುದು. ಸ್ವಲ್ಪ ದಣಿವಾರಿಸಿಕೊಂಡು ಮತ್ತೆ ಶುರು. ನೋಡಿಕೊಂಡಿದ್ದ ಪಕ್ಕದ ಮನೆಯವರು ಮೂರು ದಿನದಿಂದ ಹೀಗೇ ಇದೆ, ನಿಮ್ಮ ನೆನಪಾಗಿರಬೇಕು ಎಂದರು. ತಿನ್ನುವುದೂ ಕಡಿಮೆಯಾಗಿತ್ತು. ಅಜ್ಜಿ ಮೊದಲು ಹೇಳಿದ್ದು ಹರಳೆಣ್ಣೆ. ಮಗಳು ಗದರಿಕೊಂಡರು. ಮರುದಿನ ಸಂಜೆ ಅಜ್ಜಿ ಅದನ್ನು ಎತ್ತಿಸಿ, ಹೊಟ್ಟೆ ನೋಡಿ, ಬೇರೆ ಮಾತು ಹೇಳಿದರು.

“ಇದು ಭೀಮ ಅಲ್ಲವಾ, ಭೀಮವ್ವ. ತತ್ತಿ ಇಡಾಕ ಜಾಗಾ ಹುಡುಕಾಕತ್ತೈತಿ.”

“ಗಂಡs ಇಲ್ಲ, ತತ್ತಿ ಎಲ್ಲಿಂದ ಬರ್ತಾವ?”

“ಹುಂಜ ಇಲ್ದ ಕೋಳಿ ತತ್ತಿ ಇಡೂದಿಲ್ಲೇನು?”

ಮರಿಯಾಗಿದ್ದಾಗ ಗಂಡು, ಹೆಣ್ಣು ಹೇಳುವುದು ಕಷ್ಟ, ಅಂಗಡಿಯವರು ಗಂಡು ಎಂದಿದ್ದರು, ಆಮೇಲೆ ಯಾರೂ ಪರೀಕ್ಷಿಸಿರಲಿಲ್ಲ. ವೆಟ್ ಸ್ಕ್ಯಾನ್ ಮಾಡಿದರು. ಒಳಗೆ ದ್ರಾಕ್ಷಿ ಗೊಂಚಲಿನಂತೆ ಮೊಟ್ಟೆಗಳು. ಗಂಡಿನ ಸಂಗವಿಲ್ಲದೆಯೂ ಹೆಣ್ಣು ಓತಿ ಬಂಜೆ ಮೊಟ್ಟೆಗಳನ್ನು ಕಟ್ಟುತ್ತದೆ, ಅವನ್ನೂ ಮಣ್ಣು ತೋಡಿ ಹೂಳಬೇಕು. ತೋಡಲು ನೆಲ ಸಿಗದಿದ್ದರೆ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಉಳಿದರೆ ಆಪರೇಷನ್, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಎರಡು ವರ್ಷ ಅದರ ಕರುಳನ್ನು ಕಾಪಾಡಿದ್ದ ಟೈಲ್ಸ್ ಈಗ ಅದರ ಜೀವಕ್ಕೆ ಅಡ್ಡ ನಿಂತಿತ್ತು. ಇವತ್ತೇ ಆಳದ ಡಬ್ಬದಲ್ಲಿ ಹಸಿ ಮಣ್ಣು ತುಂಬಿ ಇಡಿ, ತೋಡಿದ ಸುರಂಗ ಕುಸಿಯಬಾರದು ಎಂದು ವೆಟ್ ಹೇಳಿ ಕಳಿಸಿದರು.

ಆ ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ತೊಳೆದ ಆಟದ ಮರಳು, ಗೊಬ್ಬರ ಬೆರೆಸದ ಮಣ್ಣು ಬಂದವು. ಹಿತ್ತಲ ಮಣ್ಣೇ ಸಾಕು, ದುಡ್ಡು ಯಾಕೆ ಎಂದು ಅಜ್ಜಿ ವಾದಿಸಿದರು. ಹುಲ್ಲುಹಾಸಿಗೆ ಎರಡು ವಾರದ ಹಿಂದಷ್ಟೇ ಕಳೆನಾಶಕ ಹೊಡೆದಿದ್ದರು, ಆ ವಾದದಲ್ಲಿ ಅವರು ಸೋತರು. ಕಲಸುವ ಕೆಲಸ ಮಾತ್ರ ಯಾರಿಗೂ ಬಿಡಲಿಲ್ಲ. ಗ್ಯಾರೇಜಿನ ನೆಲದ ಮೇಲೆ ಹಾಳೆ ಹಾಸಿ, ಸೀರೆ ಎತ್ತಿ ಕಟ್ಟಿ, ನೀರು ಚಿಮುಕಿಸುತ್ತ ಕಲಸಿದರು. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಬೆರಳು ಸಂದಿನಿಂದ ನೀರು ಇಳಿಯಬಾರದು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಮೊದಲ ಉಂಡೆ ಪುಡಿಯಾಯಿತು, ಮಣ್ಣು ಹೆಚ್ಚಿಸಿದರು. ಮೂವತ್ತು ಸೆಂಟಿಮೀಟರ್ ಆಳದ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ, ಅಂಗೈಯಿಂದ ತಟ್ಟಿ, ಒಂದು ಕಡೆ ಬೆರಳಿನಿಂದ ಚಿಕ್ಕ ಗುಂಡಿ ಮಾಡಿ ದಾರಿ ತೋರಿಸಿದರು. ಭೀಮನನ್ನು ಬಿಟ್ಟು, ಡಬ್ಬದ ಮೇಲೆ ಅರ್ಧಕ್ಕೆ ಟವೆಲ್ ಮುಚ್ಚಿದರು.

ಮೊದಲ ದಿನ ಅದು ಸುಮ್ಮನೆ ಕೂತಿತು. ಎರಡನೆಯ ದಿನ ಮಧ್ಯಾಹ್ನ ತೋಡಲು ಹತ್ತಿ, ಸಂಜೆಗೆ ಬಾಲದ ತುದಿಯಷ್ಟೇ ಹೊರಗೆ. ಹುಡುಗ ಐದು ನಿಮಿಷಕ್ಕೊಮ್ಮೆ ಇಣುಕುತ್ತಿದ್ದ, ಅಜ್ಜಿ ಕಿವಿ ಹಿಡಿದು ಎಳೆದುಕೊಂಡು ಬಂದರು. ರಾತ್ರಿ ಒಂಬತ್ತರ ಮೇಲೆ ನೋಡಿದಾಗ ಗುಂಡಿ ಮುಚ್ಚಿತ್ತು. ಮೇಲೆ ನಿಂತ ಭೀಮ ಮೂತಿಯಿಂದ ಮಣ್ಣು ಒತ್ತುತ್ತಿತ್ತು, ಹೊಟ್ಟೆ ಗಾಳಿ ಹೋದ ಚೀಲದಂತೆ ಇಳಿದಿತ್ತು. ಮರುದಿನ ಅಗೆದು ತೆಗೆದರೆ 22 ಮೊಟ್ಟೆಗಳು. ಮರಿ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಹುಡುಗ ಒಂದನ್ನು ಹತ್ತಿಯಲ್ಲಿಟ್ಟುಕೊಂಡ. ನಾಲ್ಕು ದಿನಕ್ಕೆ ವಾಸನೆ ಬಂದಿತು.

ಟೈಲ್ಸ್ ತೆಗೆದು ಪೆಟ್ಟಿಗೆಗೇ ಮಣ್ಣಿನ ನೆಲ ಹಾಕಿದ್ದು ಅದರ ಮುಂದಿನ ವಾರ. ಸುಮಾರು 60 ಪಾಲು ಮಣ್ಣು, 40 ಪಾಲು ಮರಳು, ಗಟ್ಟಿಯಾಗಲೆಂದು ಸ್ವಲ್ಪ ಜೇಡಿ. ಮರಳು ಈ ಮನೆಗೆ ಮತ್ತೆ ಬಂತು, ಆದರೆ ಸಡಿಲವಾಗಿ ಅಲ್ಲ. ಒದ್ದೆ ಮಾಡಿ, ಪದರ ಪದರವಾಗಿ ಬಡಿದು, ನಾಲ್ಕು ದಿನ ಒಣಗಿಸಿದರು. ಬಡಿಯಲು ಕೊಡತಿ ಬೇಕು ಎಂದರು ಅಜ್ಜಿ. ಸಿಕ್ಕಿದ್ದು ಚಪಾತಿ ಮಣೆ. ಹುಡುಗನ ತಂದೆ ದೂರದಲ್ಲಿ ನಿಂತು, ದೀಪ ಸರಿಯಿದೆಯಾ, ಬಿಸಿ ಎಷ್ಟಿದೆ ಎಂದು ಮೂರು ಸಲ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ದೀಪ ಸರಿಯಿಲ್ಲದಿದ್ದರೆ ಯಾವ ಹಾಸೂ ಕಾಪಾಡುವುದಿಲ್ಲ. ಹುಳಗಳನ್ನು ಈಗಲೂ ನೆಲದ ಮೇಲೆ ಬಿಡುವುದಿಲ್ಲ, ಬಟ್ಟಲಲ್ಲೇ ಹಾಕುತ್ತಾರೆ.

ಅಜ್ಜಿ ಡಿಸೆಂಬರಿನಲ್ಲಿ ಪುಣೆಗೆ ಮರಳಿದರು. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮೊಮ್ಮಗನ ಊಟ, ಓದು ವಿಚಾರಿಸಿದ ಮೇಲೆ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿಯಲು ಹೇಳುತ್ತಾರೆ. ದೀಪದ ಕೆಳಗಿನ ಮೂಲೆಯಲ್ಲಿ ನೆಲ ಬಿರುಕು ಬಿಟ್ಟಿದೆ. ಭೀಮ ಆ ಬಿರುಕಿಗೆ ಉಗುರು ಹಾಕಿ ಅಗಲ ಮಾಡಿಕೊಂಡು, ರಾತ್ರಿ ಅದರಲ್ಲೇ ಗಲ್ಲ ಊರಿ ಮಲಗುತ್ತದೆ.

“ನೀರು ಹೊಡದು ಮುಚ್ಚಲಾ ಅಜ್ಜಿ?” ಎಂದು ಹುಡುಗ ಕೇಳಿದ.

“ಬ್ಯಾಡ, ಇರ್ಲಿ ಬಿಡು. ಅದು ಅದs ಮಾಡ್ಕೊಂಡೈತಿ.”