ಹರಿಹರದ ದಾರಿಯ ಹಸುಗಳು

ಬೀರೂರಿನಿಂದ ಉತ್ತರಾಭಿಮುಖವಾಗಿ ಹೊರಡುವ ರೈಲುಗಾಡಿಯು ಅಜ್ಜಂಪುರ, ಚಿಕ್ಕಜಾಜೂರುಗಳನ್ನು ದಾಟಿ ದಾವಣಗೆರೆಯನ್ನು ಮುಟ್ಟಿ, ಅಲ್ಲಿಂದ ತುಂಗಭದ್ರೆಯ ದಡದ ಹರಿಹರವನ್ನು ಸೇರುತ್ತದೆ. ಮನೆಯಲ್ಲಿ ಹಸು ಕಟ್ಟಿರುವ ಗೃಹಸ್ಥರಿಗೆ ಈ ಕಿರುಪ್ರಯಾಣವು ಒಂದು ಪಾಠಶಾಲೆಯಂತಿದೆ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವುಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಮೈಸೂರು ಅರಸರ ಗೋಸಂಪತ್ತಿನ ಇಲಾಖೆಯೇ ಟೀಪೂ ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ತಳಿಯ ಕೀರ್ತಿಯೆಲ್ಲ ಎತ್ತುಗಳದು. ನೀಳವಾದ ಕೊಂಬು, ಬೂದು ಬಣ್ಣ, ಬಿಗಿದ ಮೈಕಟ್ಟು. ದಂಡಿನ ಸಾಮಾನುಗಳನ್ನೆಳೆದು ನಡೆದ ಜಾತಿ. ಹಾಲು ಮಾತ್ರ ಸ್ವಲ್ಪವೇ.

ಬೆಣ್ಣೆದೋಸೆಗೆ ಹೆಸರಾದ ದಾವಣಗೆರೆಗೆ ಅಷ್ಟು ಹಾಲು ಎಲ್ಲಿ ಸಾಕಾದೀತು? ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳ ನಡುವಣ ಹಟ್ಟಿಗಳಲ್ಲಿ ಈಗ ಕಾಣುವುದು ಹೆಚ್ಚಾಗಿ ಕಪ್ಪುಬಿಳುಪಿನ ಮಿಶ್ರತಳಿಯ ಹಸುಗಳು. ಜವಾರಿ ಕಡಸು ಮೊದಲ ಕರು ಹಾಕಲು ಅನೇಕವೇಳೆ ನಾಲ್ಕು ವರ್ಷ ಬೇಕು. ಚೆನ್ನಾಗಿ ಮೇಯಿಸಿದ ಮಿಶ್ರತಳಿಯ ಕಡಸು ಸುಮಾರು ಮೂರಕ್ಕೇ ಈಯುತ್ತದೆ.

ಇದರ ಗುಟ್ಟೇನು? ಒಂದೇ ತಳಿಯೊಳಗೆ ಬಹುಕಾಲ ಸಂತಾನ ಮುಂದುವರಿದರೆ ಕೆಲವು ದೋಷಗಳು ಮರೆಯಾಗಿ ನೆಲೆನಿಲ್ಲುತ್ತವೆ. ದೂರದ ಎರಡು ತಳಿಗಳು ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಆಗ ಹುಟ್ಟುವ ಕರುವು ಬೆಳವಣಿಗೆಯಲ್ಲಿಯೂ ಬದುಕುಳಿಯುವ ಶಕ್ತಿಯಲ್ಲಿಯೂ ತಂದೆತಾಯಿಗಳ ಸರಾಸರಿಯನ್ನು ಮೀರುತ್ತದೆ. ಇದಕ್ಕೆ ಸಂಕರ ಓಜಸ್ಸು ಎಂದು ಹೆಸರು. ಹಾಲಿನ ಹೆಚ್ಚಳವೆಲ್ಲವೂ ಇದರಿಂದಲೇ ಅಲ್ಲ; ಸೀಮೆಯ ತಂದೆಯ ಕಡೆಯಿಂದ ಬಂದ ಪಾಲೇ ಅದರಲ್ಲಿ ದೊಡ್ಡದು.

ಮಾಂಸಕ್ಕಾಗಿ ದನ ಸಾಕುವ ಅಮೆರಿಕೆಯವರೂ ಈ ಗುಟ್ಟನ್ನು ಬಲ್ಲರು. ಟೆಕ್ಸಾಸಿನ ಕಿಂಗ್ ರ್‍ಯಾಂಚಿನಲ್ಲಿ ಇಂಗ್ಲೆಂಡಿನ ಶಾರ್ಟ್‌ಹಾರ್ನ್ ದನಗಳಿಗೆ ಭುಜವುಳ್ಳ ಬ್ರಾಹ್ಮನ್ ಹೋರಿಗಳನ್ನು ಕೂಡಿಸಿ, ಬಿಸಿಲಿಗೆ ಬಾಡದೆ ಬೆಳೆಯುವ ಸಾಂಟಾ ಗರ್ಟ್ರೂಡಿಸ್ ಎಂಬ ತಳಿಯನ್ನು ನಿರ್ಮಿಸಿದರು. 1940ರಲ್ಲಿ ಅದಕ್ಕೆ ಸರಕಾರದ ಮನ್ನಣೆ ದೊರೆಯಿತು. ಆ ಬ್ರಾಹ್ಮನ್ ದನಗಳ ಮೂಲವು ಭಾರತದ ತಳಿಗಳೇ. ಅವುಗಳಲ್ಲಿ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಒಂದು. ಅದಾದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಗಿರ್, ಓಂಗೋಲ್ ಮೊದಲಾದವುಗಳನ್ನು ಸ್ಥಳೀಯ ದನಗಳೊಡನೆ ಕೂಡಿಸಿದುದರ ಫಲ! ಇಂದು ತನ್ನ ತವರಿನಲ್ಲಿಯೇ ಅದು ವಿರಳವಾಗಿದೆ.

ಇಲ್ಲಿಯೇ ಎಚ್ಚರಿಕೆ ಬೇಕು. ಮೊದಲ ಪೀಳಿಗೆಯ ಹಸುವಿಗೆ ಅದೇ ಬಗೆಯ ಮಿಶ್ರತಳಿಯ ಹೋರಿಯನ್ನು ಕೂಡಿಸಿದರೆ ಸಂಕರ ಓಜಸ್ಸಿನಲ್ಲಿ ಅರ್ಧ ಕಳೆದುಹೋಗುತ್ತದೆ. ಪ್ರತಿಸಲವೂ ಸೀಮೆ ಹೋರಿಯ ವೀರ್ಯವನ್ನೇ ಕೊಡಿಸಿದರೆ ಜವಾರಿಯ ಪಾಲು ಕಾಲು, ಅರೆಕಾಲು ಎಂದು ಇಳಿಯುತ್ತ, ಓಜಸ್ಸೂ ಬಿಸಿಲು ತಾಳುವ ಗುಣವೂ ಅದರೊಡನೆಯೇ ಇಳಿಯುತ್ತವೆ. ಮತ್ತೆ ಬೇಕೆಂದರೆ ಅಚ್ಚ ಜವಾರಿ ತಳಿಯ ಬಾಗಿಲಿಗೇ ಹೋಗಬೇಕು. ಅಮೃತಮಹಲ್ ಕಾವಲುಗಳು ಕುಗ್ಗುತ್ತಿರುವ ಈ ಕಾಲದಲ್ಲಿ ಆ ಬಾಗಿಲು ಮುಚ್ಚಿದರೆ ತೆರೆಯುವವರಾರು?

ಹರಿಹರಕ್ಕೆ ಬಂದವರು ಹರಿಹರೇಶ್ವರನನ್ನು ಕಾಣದೆ ಮರಳುವುದಿಲ್ಲ. ಹೊಯ್ಸಳ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಿದು. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಒಂದೇ ದೇಹದಲ್ಲಿ ಕೂಡಿದ್ದರೂ ಇಬ್ಬರ ಲಾಂಛನಗಳೂ ಬೇರೆಬೇರೆಯಾಗಿ ಉಳಿದಿವೆ. ದೇವತತ್ತ್ವದ ಮಾತು ದೊಡ್ಡವರಿಗಿರಲಿ. ಹಟ್ಟಿಯ ಮಟ್ಟಿಗೆ ನಮಗಿಷ್ಟು ಸಾಕು: ಕೂಡಿಸುವುದು ಲಾಭಕರ, ಆದರೆ ಕೂಡಿಸತಕ್ಕ ಎರಡೂ ಉಳಿದಿರಬೇಕು. ಹಸುವಿಗೆ ವೀರ್ಯ ಕೊಡಿಸುವಾಗ ಹೋರಿಯ ತಳಿ ಯಾವುದೆಂದು ಕೇಳಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಊರಿನಲ್ಲಿ ಒಂದಾದರೂ ಒಳ್ಳೆಯ ಜವಾರಿ ಹಸುವಿದ್ದರೆ ಅದಕ್ಕೆ ಅದರ ತಳಿಯ ಹೋರಿಯನ್ನೇ ಹುಡುಕಿ ಕೊಡಿಸಿರಿ.