ಪ್ರಭಾವತಿ ತಡೆದ ಗಳಿಗೆ

ಯಕ್ಷಗಾನದ ‘ಸುಧನ್ವಾರ್ಜುನ’ ಪ್ರಸಂಗದಲ್ಲಿ ಯುದ್ಧಕ್ಕೆ ಹೊರಟು ನಿಂತ ಸುಧನ್ವನನ್ನು ಹೆಂಡತಿ ಪ್ರಭಾವತಿ ಬಾಗಿಲಲ್ಲಿ ತಡೆಯುತ್ತಾಳೆ. ಅವರಿಬ್ಬರ ನಡುವೆ ನಡೆಯುವ ನಾಲ್ಕಾರು ಶೃಂಗಾರ ಪದಗಳು ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ಪ್ರೇಮಗೀತೆಗಳಲ್ಲೇ ಹೆಚ್ಚು ಬಳಕೆಯಾದವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನ ಸೀಮೆಯಲ್ಲಿ ಬೇಸಿಗೆಯ ಬಯಲಾಟದಲ್ಲೂ ಮಳೆಗಾಲದ ತಾಳಮದ್ದಳೆಯಲ್ಲೂ ಇವುಗಳನ್ನು ಮತ್ತೆ ಮತ್ತೆ ಹೇಳಲಾಗುತ್ತದೆ. ಪದ ಹಾಡುವ ಒಬ್ಬ ಭಾಗವತರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಒಬ್ಬರೇ ಭಾಗವತರು ನಿನ್ನೆ ಹೇಳಿದಂತೆ ಇವತ್ತು ಹೇಳಬೇಕೆಂದೂ ಇಲ್ಲ. ಹೀಗೆ ಕಂಠದಿಂದ ಕಂಠಕ್ಕೆ ಬದಲಾಗುತ್ತಾ ಬಂದದ್ದೇ ಈ ಪದಗಳ ಚರಿತ್ರೆ.

ಕಥೆ ಲಕ್ಷ್ಮೀಶನ ಜೈಮಿನಿ ಭಾರತದ್ದು. ಧರ್ಮರಾಯನ ಅಶ್ವಮೇಧದ ಕುದುರೆ ಚಂಪಕಾಪುರಿಗೆ ಬರುತ್ತದೆ. ಅಲ್ಲಿಯ ಅರಸ ಹಂಸಧ್ವಜ ಅದನ್ನು ಕಟ್ಟಿಸುತ್ತಾನೆ. ಕುದುರೆಯ ಬೆಂಗಾವಲಿಗೆ ಅರ್ಜುನನಿದ್ದಾನೆ. ಅರ್ಜುನನಿದ್ದಲ್ಲಿಗೆ ಕೃಷ್ಣ ಬಂದೇ ಬರುತ್ತಾನೆಂಬ ಆಸೆ ಆ ಮನೆತನದವರದು. ಅವರಿಗೆ ಯುದ್ಧವೆಂದರೆ ದೇವದರ್ಶನದ ದಾರಿ. ಹಂಸಧ್ವಜ ಡಂಗುರ ಹೊಡೆಸುತ್ತಾನೆ: ರಣಕ್ಕೆ ತಡವಾಗಿ ಬಂದವನು ಯಾರೇ ಆಗಲಿ, ಕಾದ ಎಣ್ಣೆಯ ಕೊಪ್ಪರಿಗೆಗೆ ಬೀಳಬೇಕು. ಮಗ ಸುಧನ್ವ ತಾಯಿಯ ಹರಕೆ ಪಡೆದು, ತಂಗಿಯ ಮಾತು ಕೇಳಿ ಹೊರಡುವ ಹೊತ್ತಿಗೆ ಪ್ರಭಾವತಿ ಎದುರಾಗುತ್ತಾಳೆ. ಕೃಷ್ಣಾರ್ಜುನರ ಎದುರು ನಿಂತವನು ಮರಳಿ ಬರುವ ಭರವಸೆ ಇಲ್ಲವೆಂಬುದು ಅವಳಿಗೆ ಗೊತ್ತು. ತನಗೊಂದು ಮಗುವನ್ನು ಕೊಟ್ಟು ಹೋಗು ಎಂಬುದು ಅವಳ ಬೇಡಿಕೆ. ಅವನು ಒಪ್ಪುತ್ತಾನೆ, ತಡವಾಗುತ್ತದೆ. ಶಂಖ, ಲಿಖಿತರೆಂಬ ಪುರೋಹಿತರು ಅರಸನ ಮಾತು ನಡೆಯಲೇಬೇಕೆಂದು ಹಟ ಹಿಡಿದು ಅವನನ್ನು ಕೊಪ್ಪರಿಗೆಗೆ ಹಾಕಿಸುತ್ತಾರೆ. ಹರಿಸ್ಮರಣೆಯಿಂದ ಎಣ್ಣೆ ಅವನಿಗೆ ತಣ್ಣಗಾಗುತ್ತದೆ. ಎಣ್ಣೆ ಕಾದಿಲ್ಲವೋ ಏನೋ ಎಂದು ಪರೀಕ್ಷಿಸಲು ಎಸೆದ ತೆಂಗಿನಕಾಯಿ ಸಿಡಿದು ಪುರೋಹಿತರಿಗೇ ಬಡಿಯುತ್ತದೆ.

ಈ ಕಥಾಸಂದರ್ಭವನ್ನು ಬಿಟ್ಟು ಪದವನ್ನು ಕೇಳಿದರೆ ಅದರ ಅರ್ಧ ರುಚಿ ಸಿಗುವುದಿಲ್ಲ. ಉಳಿದ ಪ್ರಸಂಗಗಳಲ್ಲಿ ಶೃಂಗಾರ ಪದ ಬಂತೆಂದರೆ ಕಥೆ ಸ್ವಲ್ಪ ಹೊತ್ತು ನಿಂತು ಉಸಿರು ತೆಗೆದುಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ರಂಗಸ್ಥಳದ ಮೇಲೆ ಭಾಗವತರು ಪದಕ್ಕೆ ಕೊಡುವ ಒಂದೊಂದು ನಿಮಿಷವೂ ಸುಧನ್ವ ತಡವಾಗುತ್ತಿರುವ ನಿಮಿಷ. ಆಲಾಪನೆ ಉದ್ದವಾದಷ್ಟೂ ಕೊಪ್ಪರಿಗೆಯ ಎಣ್ಣೆ ಕಾಯುತ್ತಿರುತ್ತದೆ, ಮತ್ತು ಅದು ಪ್ರೇಕ್ಷಕರಿಗೆ ಗೊತ್ತು. ಪ್ರಭಾವತಿ ಪ್ರೀತಿಯಿಂದ ಹೇಳುವ ಮಾತೇ ಗಂಡನನ್ನು ದಂಡನೆಗೆ ದೂಡುತ್ತಿದೆ. ಆಟ ನೋಡಲು ಕುಳಿತವರು ಒಂದು ಕಡೆ ಪದ ಮುಗಿಯಬಾರದೆಂದೂ ಇನ್ನೊಂದು ಕಡೆ ಬೇಗ ಮುಗಿಯಲೆಂದೂ ಬಯಸುವ ಸ್ಥಿತಿ ಬರುತ್ತದೆ. ಇಷ್ಟು ಬಿಗಿಯಾದ ಪ್ರೇಮಸನ್ನಿವೇಶ ಯಕ್ಷಗಾನ ಸಾಹಿತ್ಯದಲ್ಲಿ ಮತ್ತೊಂದು ಹುಡುಕುವುದು ಕಷ್ಟ.

ಯಕ್ಷಗಾನದ ಪದ ಕವಿಯಿಂದ ಭಾಗವತರ ಕೈಗೆ ಬರುವಾಗ ಅರ್ಧ ಸಿದ್ಧವಾಗಿರುತ್ತದೆ ಅಷ್ಟೆ. ಉಡುಪಿಯ ಪಾವಂಜೆ ಗುರುರಾವ್ ಅವರಂಥ ಪ್ರಕಾಶಕರು ಅಚ್ಚು ಹಾಕಿಸಿದ ಹಳೆಯ ಪ್ರಸಂಗ ಪುಸ್ತಕಗಳನ್ನು ತೆರೆದರೆ, ಪ್ರತಿ ಪದದ ತಲೆಯ ಮೇಲೆ ರಾಗ ಇಂಥದು, ತಾಳ ಇಂಥದು ಎಂಬ ಒಂದು ಸಾಲಿನ ಸೂಚನೆ ಕಾಣುತ್ತದೆ. ಸ್ವರಲಿಪಿ ಇರುವುದಿಲ್ಲ. ಪದದ ಪ್ರಾಸ, ಗಣ, ಯತಿ ಇವೆಲ್ಲ ಸೇರಿ ಅದಕ್ಕೊಂದು ಮಟ್ಟು ಇರುತ್ತದೆ. ತ್ರಿವುಡೆಯ ಏಳು, ರೂಪಕದ ಆರು, ಜಂಪೆಯ ಹತ್ತು ಎಂದು ಅಕ್ಷರಕಾಲದ ಲೆಕ್ಕದಲ್ಲಿ ಮಾತುಗಳು ಕುಳಿತಿರುವುದರಿಂದ ತಾಳವನ್ನು ಬದಲಿಸುವುದು ಸುಲಭವಲ್ಲ; ಬದಲಿಸಿದರೆ ಮಾತು ಒಡೆಯುತ್ತದೆ. ರಾಗಕ್ಕೆ ಅಷ್ಟು ಕಟ್ಟುಪಾಡಿಲ್ಲ. ಪುಸ್ತಕದಲ್ಲಿ ಕಾಂಬೋದಿ ಎಂದಿದ್ದರೂ ಭಾಗವತರು ಕಲ್ಯಾಣಿಯಲ್ಲಿ ಎತ್ತಬಹುದು, ಮೋಹನದಲ್ಲಿ ಎತ್ತಬಹುದು. ಎತ್ತುಗಡೆ ಎಲ್ಲಿಂದ, ಯಾವ ಸಾಲನ್ನು ಎಷ್ಟು ಸಲ ಮರಳಿ ಹೇಳಬೇಕು, ಎಲ್ಲಿ ಮದ್ದಳೆಗಾರನಿಗೆ ಅವಕಾಶ ಬಿಡಬೇಕು, ಬಿಡ್ತಿಗೆಗೆ ಯಾವಾಗ ಬರಬೇಕು ಎಂಬುದನ್ನೆಲ್ಲ ಆ ರಾತ್ರಿ, ಆ ವೇಷಧಾರಿಯನ್ನು ನೋಡಿಕೊಂಡು ನಿರ್ಧರಿಸುವುದು.

ವೇಷಧಾರಿಯ ಪಾತ್ರ ಇಲ್ಲಿ ದೊಡ್ಡದು. ಭಾಗವತರು ಒಂದು ಸಾಲು ಹೇಳುತ್ತಾರೆ, ಪ್ರಭಾವತಿ ಅದಕ್ಕೆ ಕುಣಿದು ಅಭಿನಯಿಸುತ್ತಾಳೆ. ಅಭಿನಯದಲ್ಲಿ ಹೊಸದೊಂದು ಭಾವ ಕಂಡರೆ ಭಾಗವತರು ಅದೇ ಸಾಲನ್ನು ಬೇರೆ ಸಂಗತಿಯಲ್ಲಿ ಮತ್ತೆ ಕೊಡುತ್ತಾರೆ. ಪದ ಮುಗಿದ ಮೇಲೆ ಪಾತ್ರಧಾರಿ ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ಸ್ತ್ರೀವೇಷವನ್ನು ಬಹುಕಾಲ ಗಂಡಸರೇ ಕಟ್ಟಿದ್ದಾರೆ. ಹೊನ್ನಾವರದ ಕೆರೆಮನೆ ಮನೆತನದ ಗಜಾನನ ಹೆಗಡೆಯವರು ಸ್ತ್ರೀವೇಷಕ್ಕೆ ಒಂದು ಘನತೆಯನ್ನೇ ತಂದುಕೊಟ್ಟವರು. ಸಿದ್ದಾಪುರ ಸೀಮೆಯ ಭಾಸ್ಕರ ಜೋಶಿ ಶಿರಳಗಿಯವರ ಸ್ತ್ರೀವೇಷವೂ ಈ ಭಾಗದಲ್ಲಿ ಮನೆಮಾತು. ಗಟ್ಟಿ ಸ್ತ್ರೀವೇಷಧಾರಿ ಎದುರಿಗಿದ್ದರೆ ಭಾಗವತರ ರಾಗ ತಾನಾಗಿ ನಿಧಾನವಾಗುತ್ತದೆ. ಕುಣಿತದ ಹುಮ್ಮಸ್ಸು ಹೆಚ್ಚಿದ್ದರೆ ಲಯ ಮುಂದೆ ಓಡುತ್ತದೆ.

ವಾದ್ಯಗಳ ವಿಷಯದಲ್ಲೂ ಸಂಯಮವಿದೆ. ಶೃಂಗಾರ ಪದಗಳಿಗೆ ಸಾಮಾನ್ಯವಾಗಿ ಮದ್ದಳೆಯೊಂದೇ ಸಾಕು, ಚಂಡೆ ಸುಮ್ಮನಿರುತ್ತದೆ. ಒಳ್ಳೆಯ ಮದ್ದಳೆಗಾರ ಇಂಥ ಕಡೆ ಕೈಚಳಕ ತೋರಿಸಲು ಹೋಗುವುದಿಲ್ಲ, ಪದದ ಬಾಯಿ ಮುಚ್ಚದಂತೆ ಬೆರಳಲ್ಲೇ ನುಡಿಸುತ್ತಾನೆ. ಸುಧನ್ವ ಕೊನೆಗೆ ಹೊರಟಾಗ ಚಂಡೆಗೆ ಪೆಟ್ಟು ಬೀಳುತ್ತದೆ. ಅಷ್ಟು ಹೊತ್ತು ಅದು ಮೌನವಾಗಿದ್ದುದಕ್ಕೆ ಆಗ ಅರ್ಥ ಬರುತ್ತದೆ.

ಘಟ್ಟದ ಮೇಲಿನ ಪ್ರೇಕ್ಷಕರಿಗೆ ಈ ಪದಗಳ ಹಳೆಯ ಧಾಟಿಯನ್ನು ಉಳಿಸಿಕೊಟ್ಟವರಲ್ಲಿ ನೆಬ್ಬೂರು ನಾರಾಯಣ ಭಾಗವತರ ಹೆಸರು ಮೊದಲು ಬರಬೇಕು. ಶಿರಸಿ ತಾಲ್ಲೂಕಿನ ನೆಬ್ಬೂರಿನ ಇವರು (1936–2019) ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಲ್ಲಿ ದಶಕಗಳ ಕಾಲ ಭಾಗವತಿಕೆ ಮಾಡಿದರು. ಅವರದು ಕಿರುಚದ ಕಂಠ. ಸಾಹಿತ್ಯದ ಒಂದಕ್ಷರವೂ ನುಂಗಿಹೋಗದಂತೆ ಹೇಳುವ ಕ್ರಮ. ರಾಗವನ್ನು ವಿಸ್ತರಿಸುವುದಕ್ಕಿಂತ ಮಾತಿನ ಭಾವವನ್ನು ಹಿಡಿಯುವುದರ ಕಡೆಗೆ ಅವರ ಗಮನ. ಶೃಂಗಾರದ ಒಳಗೇ ಇರುವ ಕರುಣೆಯನ್ನು ಹೊರತೆಗೆಯಲು ಇಂಥ ಭಾಗವತಿಕೆಯೇ ಬೇಕು: ಪ್ರಭಾವತಿ ಸರಸದ ಮಾತಾಡುತ್ತಿದ್ದರೂ ಅವಳ ಗಂಟಲಲ್ಲಿ ಅಳು ಇದೆಯೆಂದು ಕೇಳುವವರಿಗೆ ತಿಳಿಯಬೇಕು.

ಇನ್ನೊಂದು ದಾರಿ ತೆರೆದವರು ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ನಾವಡರು ಕರಾವಳಿಯ ಸಾಲಿಗ್ರಾಮ ಮೇಳದ ಮೂಲಕ ಘಟ್ಟದ ಮೇಲಿನ ಊರುಗಳನ್ನೂ ಆವರಿಸಿಕೊಂಡರು. ನಾರ್ಣಪ್ಪ ಉಪ್ಪೂರರ ಬಳಿ ಹಳೆಯ ಮಟ್ಟುಗಳನ್ನು ಕಟ್ಟುನಿಟ್ಟಾಗಿ ಕಲಿತವರೇ ಅವರು. ಆದರೆ ಏರುಶ್ರುತಿಯ ಕಂಚಿನ ಕಂಠದಲ್ಲಿ ಯಕ್ಷಗಾನಕ್ಕೆ ರೂಢಿಯಿಲ್ಲದ ರಾಗಗಳನ್ನು ತಂದರು. ‘ನಾಗಶ್ರೀ’ಯಂಥ ಹೊಸ ಪ್ರಸಂಗಗಳನ್ನು ಬರೆದರು. ಡೇರೆ ಮೇಳಗಳ ಕಾಲ ಅದು. ಟಿಕೆಟ್ ಕೊಟ್ಟು ಒಳಗೆ ಬಂದ ಯುವಕರು ಭಾಗವತರ ಪದಕ್ಕೇ ಚಪ್ಪಾಳೆ ತಟ್ಟತೊಡಗಿದರು. ಅದರ ಬೆನ್ನಿಗೇ ಕ್ಯಾಸೆಟ್ ಬಂತು. ಅಲ್ಲಿಯವರೆಗೆ ಒಂದು ರಾತ್ರಿಯ ಪದ ಆ ರಾತ್ರಿಗೆ ಮುಗಿಯುತ್ತಿತ್ತು. ಕ್ಯಾಸೆಟ್ ಬಂದ ಮೇಲೆ ಅಡಿಕೆ ಸುಲಿಯುವ ಚಪ್ಪರದಲ್ಲೂ ಜೀಪಿನಲ್ಲೂ ಒಂದೇ ಪದವನ್ನು ಹತ್ತಾರು ಸಲ ಕೇಳುವುದು ಸಾಧ್ಯವಾಯಿತು. ಕಲಿಯುವ ಹುಡುಗರಿಗೆ ಅದೇ ಗುರುವಾಯಿತು. ಎಲ್ಲೋ ಒಂದು ರಾತ್ರಿ ಭಾಗವತರಿಗೆ ಆ ಕ್ಷಣಕ್ಕೆ ಹೊಳೆದ ಸಂಗತಿ ಹೀಗೆ ಕಾಯಂ ಪಾಠವಾಗಿ ನಿಂತುಬಿಡುವುದು ಈ ಕಲೆಗೆ ಹೊಸದು. ಅದರಿಂದ ಲಾಭವಾದಷ್ಟೇ ನಷ್ಟವೂ ಆಗಿದೆ.

ಪೆರ್ಡೂರು ಮೇಳದಲ್ಲಿ ಬಹುಕಾಲ ಹೇಳಿದ ಸುಬ್ರಹ್ಮಣ್ಯ ಧಾರೇಶ್ವರರು (1957–2024) ಅದೇ ಉಪ್ಪೂರರ ಶಿಷ್ಯರು. ಅವರು ರಾಗಪ್ರಯೋಗವನ್ನು ಮುಂದುವರಿಸಿದರೂ ಸುನಾದವನ್ನು ಬಿಟ್ಟುಕೊಡಲಿಲ್ಲ. ಸಿದ್ದಾಪುರದ ಕೊಳಗಿ ಕೇಶವ ಹೆಗಡೆ, ಯಲ್ಲಾಪುರದ ವಿದ್ವಾನ್ ಗಣಪತಿ ಭಟ್ಟ ಇವರ ಭಾಗವತಿಕೆಯಲ್ಲಿ ಈ ಸೀಮೆಯದೇ ಆದ ಇನ್ನೊಂದು ಗುಣ ಕೇಳುತ್ತದೆ. ಇಲ್ಲಿಯ ಕಿವಿಗಳಿಗೆ ಹಿಂದೂಸ್ತಾನಿ ಸಂಗೀತ ಹೊಸದಲ್ಲ. ಬಸವರಾಜ ರಾಜಗುರುಗಳ ಶಿಷ್ಯರಾದ ಗಣಪತಿ ಭಟ್ಟ ಹಾಸಣಗಿಯವರು ಯಲ್ಲಾಪುರ ತಾಲ್ಲೂಕಿನವರೇ. ಧಾರವಾಡ–ಹುಬ್ಬಳ್ಳಿಯಿಂದ ಬಂದ ಗಾಯಕಿಯೂ ಕರಾವಳಿಯಿಂದ ಘಟ್ಟ ಹತ್ತಿ ಬಂದ ಬಡಗುತಿಟ್ಟೂ ಕೂಡುವ ಜಾಗ ಇದು. ಹೀಗಾಗಿ ಪ್ರಭಾವತಿಯ ಪದ ಬಾಗೇಶ್ರೀಯಲ್ಲಿ, ಭೀಮಪಲಾಸದಲ್ಲಿ ಬಂದರೆ ಇಲ್ಲಿಯವರಿಗೆ ಅದು ಹೊರಗಿನದೆನಿಸುವುದಿಲ್ಲ.

ರಾಗ ಬದಲಿಸಬಾರದೆಂಬ ವಾದಕ್ಕೂ ಬಲವಿದೆ. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಗ್ರಂಥದಲ್ಲಿ (ಅದಕ್ಕೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು) ಈ ಕಲೆಗೆ ತನ್ನದೇ ಸಂಗೀತಪದ್ಧತಿ ಇದೆಯೆಂದು ತೋರಿಸಲು ಬಹಳ ಶ್ರಮಪಟ್ಟರು. ಕಾಂಬೋದಿ, ಸಾವೇರಿ ಎಂಬ ಹೆಸರು ಕರ್ನಾಟಕ ಸಂಗೀತದಲ್ಲೂ ಇದ್ದರೂ ಯಕ್ಷಗಾನದಲ್ಲಿ ಅವು ಸಂಚರಿಸುವ ರೀತಿ ಬೇರೆ. ಕೋರೆ, ಗೋಪನೀತೆಯಂಥ ರಾಗಗಳಂತೂ ಇಲ್ಲಿಯವೇ. ಹೊಸ ರಾಗದ ಆಕರ್ಷಣೆಯಲ್ಲಿ ಇವು ಮರೆಗೆ ಸರಿದರೆ ಮತ್ತೆ ತರಲು ಆಗುವುದಿಲ್ಲ. ಶಿರಸಿಯ ಹೊಸ್ತೋಟ ಮಂಜುನಾಥ ಭಾಗವತರು ನೂರಾರು ಪ್ರಸಂಗಗಳನ್ನು ಬರೆದು, ಊರೂರು ತಿರುಗಿ ಎಳೆಯರಿಗೆ ತಾಳ, ಕುಣಿತ, ಪದ ಕಲಿಸುತ್ತಾ ಹಳೆಯ ಮಟ್ಟುಗಳನ್ನು ಜೀವಂತವಾಗಿಟ್ಟರು. ಅವರಂಥವರ ಕೆಲಸ ಇಲ್ಲದಿದ್ದರೆ ಇವತ್ತು ಹಳತು–ಹೊಸತು ಎಂದು ಹೋಲಿಸಿ ಮಾತಾಡಲು ಹಳತೇ ಇರುತ್ತಿರಲಿಲ್ಲ.

ಆದರೂ ರಾಗವೊಂದನ್ನೇ ಹಿಡಿದು ತೀರ್ಪು ಕೊಡುವುದು ಸರಿಯಲ್ಲ. ಈ ಪದದ ಮಟ್ಟಿಗೆ ನಿಜವಾದ ಪರೀಕ್ಷೆ ಕಾಲದ್ದು. ಕಾಂಬೋದಿಯಲ್ಲೇ ಹೇಳಿದರೂ ಪದವನ್ನು ಜೋಲಿಯಂತೆ ಎಳೆದಾಡಿಸಿ, ರಣವಾದ್ಯ ಹೊರಗೆ ಕಾಯುತ್ತಿದೆಯೆಂಬುದನ್ನು ಮರೆಸಿಬಿಟ್ಟರೆ ಪ್ರಭಾವತಿ ಸೋಲುತ್ತಾಳೆ. ಬಾಗೇಶ್ರೀಯಲ್ಲಿ ಹೇಳಿದರೂ ಸಾಲಿನ ತುದಿಯಲ್ಲಿ ತಾಳ ಬಿಗಿಯಾಗಿ ಬಿದ್ದು ಹೊತ್ತು ಸರಿಯುತ್ತಿದೆಯೆಂಬ ಎಚ್ಚರ ಉಳಿದರೆ ಅದು ಸುಧನ್ವನ ಕಥೆಯಾಗಿಯೇ ಇರುತ್ತದೆ. ಭಾಗವತರು ರಾಗದಲ್ಲಿ ಮೈಮರೆಯಬಹುದು, ಕಥೆಯಲ್ಲಿ ಮೈಮರೆಯುವಂತಿಲ್ಲ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ್ದು ‘ಕೀಚಕವಧೆ’ಯ ಪದಗಳನ್ನು. ಸೈರಂಧ್ರಿಯ ಬೆನ್ನು ಬಿದ್ದ ಕೀಚಕನಿಗೂ ಶೃಂಗಾರ ಪದಗಳಿವೆ, ಬಳಸುವ ರಾಗಗಳೂ ಬಹುಪಾಲು ಅವೇ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಕೀಚಕನನ್ನು ನೋಡಿದವರಿಗೆ ಆ ಪಾತ್ರದ ಕಣ್ಣು, ಸೊಂಟದ ಬಳುಕು, ಹೆಜ್ಜೆಯ ವಯ್ಯಾರ ಮರೆಯುವುದಿಲ್ಲ. ಅಲ್ಲಿ ಬಯಕೆ ಒಬ್ಬನದು. ಎದುರಿಗಿರುವವಳಿಗೆ ಅದು ಹಿಂಸೆ. ಸುಧನ್ವನಲ್ಲಿ ಬಯಕೆ ಇಬ್ಬರದು, ಅದಕ್ಕೆ ಸಾವಿನ ನೆರಳಿದೆ. ಇವೆರಡನ್ನೂ ಒಂದೇ ಚಮತ್ಕಾರದಲ್ಲಿ ಹೇಳುವ ಭಾಗವತಿಕೆ ಎಷ್ಟು ಇಂಪಾಗಿದ್ದರೂ ಅಪೂರ್ಣ. ಕೀಚಕನ ಪದಕ್ಕೆ ಚಪ್ಪಾಳೆ ಬೀಳುವಂಥ ಎತ್ತುಗಡೆ ಒಪ್ಪುತ್ತದೆ. ಪ್ರಭಾವತಿಯ ಪದಕ್ಕೆ ಚಪ್ಪಾಳೆ ಬಿದ್ದರೆ ಎಲ್ಲೋ ಏನೋ ತಪ್ಪಿದೆ.

ಮಳೆಗಾಲದಲ್ಲಿ ಇದೇ ಪದಗಳು ಮನೆಯ ಜಗಲಿಗೂ ದೇವಸ್ಥಾನದ ಪೌಳಿಗೂ ಬರುತ್ತವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಸಾಲಾಗಿ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ಪದ ಇಲ್ಲಿ ಚಿಕ್ಕದಾಗುತ್ತದೆ, ಅದರ ಹಿಂದಿನ ವಾದ ಬೆಳೆಯುತ್ತದೆ. ಪತಿಯಾದವನ ಧರ್ಮ ದೊಡ್ಡದೋ ಯೋಧನಾದವನ ಧರ್ಮ ದೊಡ್ಡದೋ, ಸಂತಾನ ಬೇಡುವ ಹೆಂಡತಿಗೆ ಇಲ್ಲವೆನ್ನುವುದು ಪಾಪವೋ ತಂದೆಯ ಆಜ್ಞೆ ಮೀರುವುದು ಪಾಪವೋ ಎಂದು ಪ್ರಭಾವತಿ ಕೇಳುತ್ತಾಳೆ. ಸುಧನ್ವನ ಅರ್ಥ ಹೇಳುವವರಿಗೆ ಅದು ಕಠಿಣ ಗಳಿಗೆ: ಅವನು ಸೋಲಬೇಕು, ಆದರೆ ಚಪಲದಿಂದ ಸೋತಂತೆ ಕಾಣಬಾರದು. ಬಯಲಾಟದಲ್ಲಿ ರಾಗದಿಂದ ಆಗುವ ಕೆಲಸ ಇಲ್ಲಿ ತರ್ಕದಿಂದ ಆಗಬೇಕು.

ಈಗಿನ ಕಾಲಮಿತಿ ಪ್ರದರ್ಶನಗಳಲ್ಲಿ ಮೂರು ಗಂಟೆಯೊಳಗೆ ಕೊಪ್ಪರಿಗೆಯೂ ಯುದ್ಧವೂ ಸುಧನ್ವನ ಮೋಕ್ಷವೂ ಮುಗಿಯಬೇಕಾದ್ದರಿಂದ ಪ್ರಭಾವತಿಯ ಪದಗಳಲ್ಲಿ ಒಂದೆರಡು ಮಾತ್ರ ಉಳಿಯುತ್ತವೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ಅವಳ ಬೇಡಿಕೆ ಸರಸವಾಗಿ ಶುರುವಾಗಿ, ಮುನಿಸಾಗಿ, ಬೇಡಿಕೊಳ್ಳುವಿಕೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಈಗ ಮೊದಲ ಪದಕ್ಕೇ ಸುಧನ್ವ ಒಪ್ಪಿಬಿಡುತ್ತಾನೆ, ಅವನ ಘನತೆಗೆ ಅದು ಕುಂದು. ಇನ್ನೊಂದು ತುದಿಗೆ ಗಾನವೈಭವದ ಕಾರ್ಯಕ್ರಮಗಳಿವೆ. ಅಲ್ಲಿ ವೇಷವಿಲ್ಲದೆ ಇಬ್ಬರು ಭಾಗವತರು ಅಕ್ಕಪಕ್ಕ ಕುಳಿತು ಒಂದೇ ಪದವನ್ನು ಸಾಲು ಹಂಚಿಕೊಂಡು, ರಾಗದಿಂದ ರಾಗಕ್ಕೆ ದಾಟಿಸುತ್ತಾ ಹೇಳುತ್ತಾರೆ. ಭಿನ್ನ ಧಾಟಿಗಳನ್ನು ಎದುರುಬದುರು ಕೇಳಿ ಕಲಿಯಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಕಥೆಯ ಒತ್ತಡ ಮಾತ್ರ ಇರುವುದಿಲ್ಲ, ಯಾಕೆಂದರೆ ಅಲ್ಲಿ ಯಾರಿಗೂ ಎಲ್ಲಿಗೂ ಹೋಗಬೇಕಾದ ಅವಸರವಿಲ್ಲ.

ಹೆಣ್ಣುಮಕ್ಕಳು ಭಾಗವತಿಕೆಗೆ ಬಂದದ್ದು ಈ ಪದಗಳ ಮಟ್ಟಿಗೆ ದೊಡ್ಡ ಬದಲಾವಣೆ. ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಡಿತ್ತಾಯರು ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದು ದಾರಿ ಮಾಡಿಕೊಟ್ಟ ಮೇಲೆ ಬಡಗಿನಲ್ಲೂ, ಶಿರಸಿ ಸೀಮೆಯಲ್ಲೂ ಹುಡುಗಿಯರು ಪದ ಹೇಳುತ್ತಿದ್ದಾರೆ, ವೇಷ ಕಟ್ಟುತ್ತಿದ್ದಾರೆ. ಪ್ರಭಾವತಿಯ ಮಾತು ಇಷ್ಟು ಕಾಲ ಗಂಡುಕಂಠದಲ್ಲೇ ಬಂದದ್ದು. ಹೆಣ್ಣುಕಂಠದಲ್ಲಿ ಬಂದಾಗ ಹಾರ್ಮೋನಿಯಂನ ಶ್ರುತಿಮನೆ ಬದಲಾಗುತ್ತದೆ, ಅದಕ್ಕೆ ಹೊಂದುವ ಮದ್ದಳೆಯೂ ಬೇರೆ ಬೇಕಾಗುತ್ತದೆ. ಹಳೆಯ ಧಾಟಿಯಲ್ಲಿ ಗಂಡುಕಂಠ ಮೇಲಿನ ಷಡ್ಜಕ್ಕೆ ಏರಿ ಪಡುತ್ತಿದ್ದ ಶ್ರಮವೇ ಎಷ್ಟೋ ಸಲ ಅವಳ ಸಂಕಟವಾಗಿ ಕೇಳುತ್ತಿತ್ತು. ಹೆಣ್ಣುಕಂಠಕ್ಕೆ ಆ ಸ್ಥಾಯಿ ಸಲೀಸು. ಹಾಗಾಗಿ ಸಂಕಟವನ್ನು ಮಂದ್ರದ ಕಡೆಗೆ ಇಳಿದು, ಸಾಲಿನ ನಡುವೆ ತಾಳವನ್ನು ತಡೆದು ತೋರಿಸುವ ಹೊಸ ಕ್ರಮಗಳು ಬೇಕಾಗುತ್ತವೆ. ಇವನ್ನು ಕಂಡುಕೊಳ್ಳುವ ಕೆಲಸ ಈಗಷ್ಟೇ ಶುರುವಾಗಿದೆ.